ಬೀಳ್ಕೊಡುವುದಕ್ಕಾಗಿ ಸಾಕಿದ ನಾಯಿ

ಕಳೆದ ಚಳಿಗಾಲದಲ್ಲಿ ದೆಹಲಿಯ ಮಯೂರ್ ವಿಹಾರದ ನಮ್ಮ ಮನೆಗೆ ಒಂದು ವರುಷ ಪ್ರಾಯದ ಹೆಣ್ಣುನಾಯಿಯೊಂದು ಅತಿಥಿಯಾಗಿ ಬಂದಿತು. ಅದನ್ನು ಶಾಶ್ವತವಾಗಿ ಸಾಕಿಕೊಳ್ಳುವವರು ದೊರೆಯುವವರೆಗೆ ಪೋಷಿಸುವ ಹೊಣೆಯಷ್ಟೇ ನಮ್ಮದು. ಕಾಡುಹಂದಿಯೊಡನೆ ಹೋರಾಡಿ ಮಡಿದ ನಾಯಿಯೊಂದರ ನೆನಪಿಗಾಗಿ ಕ್ರಿ. ಶ. 949-50ರಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಶಿಲಾಶಾಸನವನ್ನು ನಿಲ್ಲಿಸಿದರು. ಆ ನಾಯಿಯ ಹೆಸರು ಕಾಳಿ. ನಮ್ಮ ಅತಿಥಿಯನ್ನೂ ನಾವು ಕಾಳಿಯೆಂದೇ ಕರೆದೆವು.

ಕಾಳಿಯ ಚೇಷ್ಟೆಗಳಿಗೆ ಮಿತಿಯೇ ಇರಲಿಲ್ಲ. ಪಾದರಕ್ಷೆಗಳನ್ನು ಕಚ್ಚುವುದು, ಹಗ್ಗವನ್ನು ಜಗ್ಗುವುದು, ಬಂದವರ ಮೈಮೇಲೆ ನೆಗೆಯುವುದು! ಅದನ್ನು ಕೊಂಡೊಯ್ಯಲೆಂದು ಬಂದ ಮೊದಲನೆಯವರು ಈ ನೆಗೆತಕ್ಕೆ ಅಂಜಿ ಹಿಂದಿರುಗಿದರು. ಅಂದು ನಮಗೆ ಅರಿವಾಯಿತು: ಶಿಕ್ಷಣವಿಲ್ಲದೆ ಈ ಜೀವಕ್ಕೆ ಮನೆಯಿಲ್ಲ.

ಚೇಷ್ಟೆಗೆ ಕಾರಣವೇನು? ದುಷ್ಟತನವಲ್ಲ, ಕೆಲಸವಿಲ್ಲದ ಶಕ್ತಿ. ಆದುದರಿಂದ ಮುಂಜಾನೆ ಸಂಜೆ ಅದನ್ನು ನಡೆಸಿದೆವು. ರೊಟ್ಟಿಯ ಚೂರುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟು, ಮೂಸಿ ಹುಡುಕಲು ಬಿಟ್ಟೆವು. ಮೂಗಿನ ಕೆಲಸದಿಂದ ನಾಯಿಯ ಮನಸ್ಸಿಗೂ ವ್ಯಾಯಾಮವಾಗುತ್ತದೆ.

ಸುಖಕರವಾದ ಫಲ ಕೊಟ್ಟ ಕ್ರಿಯೆಯನ್ನು ಪ್ರಾಣಿಯು ಮತ್ತೆ ಮತ್ತೆ ಮಾಡುತ್ತದೆಂದು ಅಮೆರಿಕದ ಥಾರ್ನ್‌ಡೈಕನು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿದನು. ಅವು 1898ರಲ್ಲಿ ಪ್ರಕಟವಾದುವು. ಕಾಳಿ ನೆಗೆದಾಗ ನಾವು ಕೂಗಿ ತಳ್ಳುತ್ತಿದ್ದೆವು. ಅದಕ್ಕೆ ಅದೇ ಆಟವಾಗಿತ್ತು. ಅಂದಿನಿಂದ ನೆಗೆದರೆ ಎಲ್ಲರೂ ಬೆನ್ನು ತಿರುಗಿಸಿದೆವು. ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತ್ರ ಮೈ ಸವರಿದೆವು. ಒಬ್ಬರು ಗದರಿಸಿ ಇನ್ನೊಬ್ಬರು ಮುದ್ದಿಸಿದರೆ ನಾಯಿ ಕಲಿಯುವುದಾದರೂ ಏನನ್ನು?

ಮೇಲ್ಸೇತುವೆಯ ಮೇಲೆ ಓಡುವ ಮೆಟ್ರೊ ರೈಲಿನ ಸದ್ದೆಂದರೆ ಕಾಳಿಗೆ ಪ್ರಾಣಭಯ. ನಾವು ಅದನ್ನು ಎಳೆದೊಯ್ಯಲಿಲ್ಲ. ಸದ್ದು ಮೆಲ್ಲಗೆ ಕೇಳುವಷ್ಟು ದೂರದಲ್ಲಿ ನಿಂತು ತಿನಿಸು ಕೊಟ್ಟೆವು. ತಿನ್ನಲೊಲ್ಲದಿದ್ದರೆ ಭಯ ಹೆಚ್ಚಾಯಿತೆಂದು ತಿಳಿದು ಹಿಂದೆ ಸರಿದೆವು. ನೆಮ್ಮದಿಯಿಂದ ತಿಂದರೆ ಮರುದಿನ ಕೆಲವು ಹೆಜ್ಜೆ ಮುಂದೆ ಹೋದೆವು. ಹೊಸ ಜನರ ಪರಿಚಯವೂ ಹೀಗೆಯೇ ಆಯಿತು.

ಇನ್ನೊಂದು ತೊಡಕಿತ್ತು. ನಮ್ಮ ಮನೆಯ ಮಾತು ಕನ್ನಡ. ಕಾಳಿ ಹೋಗುವ ಮನೆಯ ಮಾತು ಹಿಂದಿಯಾಗಿರಬಹುದು. ಆದುದರಿಂದ ಮೊದಲು ಕೈಸನ್ನೆಯನ್ನು ಕಲಿಸಿದೆವು. ತಿನಿಸನ್ನು ಮೂಗಿನ ಮೇಲೆ ಎತ್ತಿ ಹಿಡಿದರೆ ತಲೆ ಮೇಲಾಗಿ ನಾಯಿ ತಾನಾಗಿ ಕುಳಿತುಕೊಳ್ಳುತ್ತದೆ. ಸನ್ನೆ ಮನದಟ್ಟಾದ ಮೇಲೆ, ಸನ್ನೆಗೆ ತುಸು ಮುನ್ನ ಒಮ್ಮೆ ‘ಕೂತ್ಕೋ’ ಎಂದೂ ಇನ್ನೊಮ್ಮೆ ‘ಬೈಠ್’ ಎಂದೂ ಹೇಳಿದೆವು. ಕಾಳಿಗೆ ಎರಡು ಭಾಷೆಗಳು ಬಂದುವು!

ಮೂರು ತಿಂಗಳ ಮೇಲೆ ನೆರೆಯ ಬಡಾವಣೆಯ ಕುಟುಂಬವೊಂದು ಬಂದಿತು. ಅವರ ಹುಡುಗಿ ಕೈ ಎತ್ತಿದಳು; ಕಾಳಿ ಕುಳಿತಿತು. ಲಸಿಕೆಗಳ ದಾಖಲೆಯನ್ನೂ, ಅದರ ಇಷ್ಟಾನಿಷ್ಟಗಳನ್ನೂ ಭಯಗಳನ್ನೂ ಬರೆದಿಟ್ಟ ಪುಸ್ತಕವನ್ನೂ ಅವರಿಗೆ ಒಪ್ಪಿಸಿದೆವು.

ಹೋಗುವಾಗ ಕಾಳಿ ಹಿಂದಿರುಗಿ ನೋಡಲಿಲ್ಲ. ನಮಗೆ ನೋವಾಯಿತೆಂಬುದು ದಿಟ. ಆದರೆ ಅಪರಿಚಿತರೊಡನೆ ಅದು ಅಂಜದೆ ನಡೆಯಲೆಂದಲ್ಲವೇ ನಾವು ಇಷ್ಟು ದಿನ ಶ್ರಮಿಸಿದ್ದು?