ಸಾರ್ವಜನಿಕ ದಾಖಲೆಗಳ ಕಾಯ್ದೆ, 1993
ಕೇಂದ್ರ ಸರ್ಕಾರ, ಕೇಂದ್ರಾಡಳಿತ ಪ್ರದೇಶ ಹಾಗೂ ಕೇಂದ್ರದ ಸಾರ್ವಜನಿಕ ಉದ್ದಿಮೆಗಳ ಕಡತ, ಮೈಕ್ರೊಫಿಲ್ಮ್, ಕಂಪ್ಯೂಟರ್ ದಾಖಲೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಕಟ್ಟಡ ನಿರ್ವಹಣೆಗೂ ದಾಖಲೆ ಸಂರಕ್ಷಣೆ ಮುಖ್ಯ: ಹಳೆಯ ನಕ್ಷೆ ಕಳೆದುಹೋದರೆ ಗೋಡೆಯೊಳಗಿನ ನೀರಿನ ಪೈಪು, ವಿದ್ಯುತ್ ತಂತಿ ಎಲ್ಲಿದೆಯೆಂದು ತಿಳಿಯಲು ಗೋಡೆಯನ್ನೇ ಒಡೆಯಬೇಕಾಗಬಹುದು.

ಪ್ರತಿ ದಾಖಲೆ ಸೃಜಕ ಸಂಸ್ಥೆಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು (ಸೆಕ್ಷನ್ 5). ನಿಯಮ ಮೀರಿ ದಾಖಲೆ ನಾಶ ಮಾಡಿದರೆ 5 ವರ್ಷದವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಇಷ್ಟು ಬಿಗಿ ಬೇಕೇ ಬೇಕು. ನಾಶವಾದ ಮೂಲ ದಾಖಲೆ ಮತ್ತೆ ಸಿಗದು. ಈ ಕಾಯ್ದೆಯ ನಿಯಮಾವಳಿ ಬಂದದ್ದು 1997ರಲ್ಲಿ.

1891, 1892ರ ನಡುವೆ ಗೊಂದಲ ಬೇಡ: ರಾಷ್ಟ್ರೀಯ ಪತ್ರಾಗಾರ ಕಲ್ಕತ್ತದಲ್ಲಿ ಆರಂಭವಾದದ್ದು 1891, ಶಿಥಿಲವಾಗದ ಹೊರತು ನಾಶಪಡಿಸಬಾರದ್ದು 1892ಕ್ಕಿಂತ ಹಿಂದಿನ ದಾಖಲೆಗಳನ್ನು.