ದಿನದಿನದ ಶಿಸ್ತು

ಓದತಕ್ಕ ಭಾಗಗಳು: ದಾನಿಯೇಲ 6:1-13, 1 ಕೊರಿಂಥ 9:24-27

ಶಿಸ್ತು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ಶಾಲೆಯ ಬೆತ್ತವು ನೆನಪಿಗೆ ಬರುತ್ತದೆ. ತಪ್ಪಿದವನಿಗೆ ಹಿರಿಯರು ಕೊಡುವ ದಂಡನೆಯೇ ಶಿಸ್ತೆಂದು ನಾವು ತಿಳಿದುಕೊಂಡಿದ್ದೇವೆ. ಆದರೆ ಮಲೆನಾಡಿನ ರೈತರು ಈ ಮಾತನ್ನು ಬೇರೊಂದು ಅರ್ಥದಲ್ಲಿಯೂ ಅರಿತಿದ್ದರು. 1645ರಿಂದ 1660ರ ವರೆಗೆ ಕೆಳದಿಯ ರಾಜ್ಯವನ್ನಾಳಿದ ಶಿವಪ್ಪನಾಯಕನು ಗೊತ್ತುಮಾಡಿದ ಭೂಕಂದಾಯಕ್ಕೆ ಶಿಸ್ತು ಎಂದೇ ಹೆಸರು. ಅವನು ಊರೂರಲ್ಲಿಯೂ ಬಗೆಬಗೆಯ ನೆಲದಲ್ಲಿ ಒಂದೊಂದು ಹೊಲವನ್ನು ಆರಿಸಿ, ಹನ್ನೆರಡು ವರುಷ ಅದನ್ನು ತನ್ನ ಲೆಕ್ಕಕ್ಕೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗಲಿದ ಖರ್ಚೆಷ್ಟು, ಕೈಗೆ ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಯಿಸಿದನೆಂದು ಚರಿತ್ರೆಗಾರರು ಹೇಳುತ್ತಾರೆ. ಆ ಮೇಲೆ ಸರಾಸರಿ ಕಂಡು, ಮೂರರಲ್ಲಿ ಒಂದು ಪಾಲನ್ನು ಅರಸನಿಗೆಂದು ನೇಮಿಸಿದನು. ಮೂರರಲ್ಲೊಂದು ಹಗುರವಾದ ತೆರಿಗೆಯೆಂದು ನಾವು ಹೇಳುವದಿಲ್ಲ. ಆದರೂ ಎಷ್ಟು ಕೊಡಬೇಕೆಂಬುದು ರೈತನಿಗೆ ಮುಂಚೆಯೇ ತಿಳಿದಿತ್ತು.

ಬೆತ್ತದ ಶಿಸ್ತನ್ನು ಬಿಟ್ಟು ಈ ಹೊಲದ ಶಿಸ್ತನ್ನು ನಾವು ಈ ಪಾಠದಲ್ಲಿ ವಿಚಾರಿಸುವೆವು. ತನ್ನ ನೆಲದ ಅಳತೆಯನ್ನು ತಿಳಿದು, ಸಲ್ಲತಕ್ಕದ್ದನ್ನು ಹೊತ್ತುಹೊತ್ತಿಗೆ ಸಲ್ಲಿಸುವದೇ ಅದು.

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಇದನ್ನೇ ಓಟದ ಪಂದ್ಯದ ದೃಷ್ಟಾಂತದಿಂದ ತಿಳಿಸಿದನು. ಆ ಊರಿನ ಸಮೀಪದಲ್ಲಿ ಎರಡು ವರುಷಕ್ಕೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನಿಗೆ ಸಿಕ್ಕುತ್ತಿದ್ದದ್ದು ಎಲೆಸೊಪ್ಪಿನ ಕಿರೀಟ. ಗ್ರೀಕರ ಮತ್ತೊಂದು ಪಂದ್ಯದ ಸ್ಥಳವಾದ ಒಲಿಂಪಿಯದಲ್ಲಿ, ಓಡಬಂದವರು ತಾವು ಹತ್ತು ತಿಂಗಳು ಎಡೆಬಿಡದೆ ಸಾಧನೆ ಮಾಡಿದ್ದೇವೆಂದು ಆಣೆಯಿಡಬೇಕಾಗಿತ್ತು. ಓಟವು ಮುಗಿಯುವದಕ್ಕೆ ಎಷ್ಟು ಹೊತ್ತು ಬೇಕು? ನಾವು ಬಾವಿಯಿಂದ ಎರಡು ಕೊಡ ನೀರು ಸೇದುವಷ್ಟು ಹೊತ್ತು ಸಹ ಬೇಡ. ಅದಕ್ಕೆ ಹತ್ತು ತಿಂಗಳು! ಗೆಲವು ಸೋಲುಗಳು ಪಂದ್ಯದ ದಿನಕ್ಕಿಂತ ಮುಂಚೆ, ಯಾರೂ ನೋಡದ ದಿನಗಳಲ್ಲಿಯೇ ಹೆಚ್ಚಾಗಿ ತೀರ್ಮಾನವಾಗುತ್ತಿದ್ದವು.

ಈಗ ದಾನಿಯೇಲನ ಬಳಿಗೆ ಬರೋಣ. ಅವನನ್ನು ನೆನಸಿದಾಗ ನಾವೆಲ್ಲರೂ ಸಿಂಹಗಳ ಗವಿಯನ್ನೇ ನೋಡುತ್ತೇವೆ. ಮಕ್ಕಳಿಗೂ ಅದನ್ನೇ ಚಿತ್ರದಲ್ಲಿ ತೋರಿಸುತ್ತೇವೆ. ಆದರೆ ಗವಿಯ ಕತೆಗೆ ಮುಂಚೆ ಅದೇ ಅಧ್ಯಾಯದ ಹತ್ತನೆಯ ವಚನದಲ್ಲಿ ಒಂದು ಚಿಕ್ಕ ಸಂಗತಿ ಅಡಗಿದೆ. ಅವನು ಯೌವನದಲ್ಲಿ ಸೆರೆಯಾಗಿ ಬಾಬೆಲಿಗೆ ಬಂದವನು. ಈಗ ಅರುವತ್ತಕ್ಕಿಂತ ಹೆಚ್ಚು ವರುಷಗಳು ಕಳೆದು ಮುದುಕನಾಗಿದ್ದನು. ಮೂವತ್ತು ದಿನ ಅರಸನ ಹೊರತು ಯಾರಿಗೂ ಬಿನ್ನಹ ಮಾಡಕೂಡದೆಂಬ ಶಾಸನವು ಹೊರಟಿತು. ಇದನ್ನು ತಿಳಿದ ಮೇಲೂ ಅವನು ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಬಳಿಯಲ್ಲಿ, ದಿನಕ್ಕೆ ಮೂರು ಸಾರಿ ಮೊಣಕಾಲೂರಿದನು. ಹೀಗೆ ಮಾಡುವದು ಮೊದಲಿಂದಲೂ ಅವನ ವಾಡಿಕೆಯಾಗಿತ್ತೆಂದು ಅಲ್ಲಿ ಬರೆದಿದೆ.

ಅವನು ಕಿಟಕಿಯನ್ನು ಮುಚ್ಚಬಹುದಾಗಿತ್ತು. ಹಾಸಿಗೆಯಲ್ಲಿ ಮಲಗಿ ಮನಸ್ಸಿನಲ್ಲಿಯೇ ಬೇಡಿಕೊಳ್ಳಬಹುದಾಗಿತ್ತು. ಅದನ್ನು ಯಾವ ಗೂಢಚಾರನು ಕಂಡುಹಿಡಿದಾನು? ಒಂದು ತಿಂಗಳ ಮಾತು ತಾನೇ ಎಂದು ಸುಮ್ಮನಿದ್ದರೆ ಪದವಿಯೂ ಪ್ರಾಣವೂ ಉಳಿಯುತ್ತಿದ್ದವು. ನಾವಾದರೆ ಹಾಗೆಯೇ ಮಾಡುತ್ತಿದ್ದೆವೇನೋ. ಅವನ ವೈರಿಗಳು ಬಲೆಯನ್ನು ಒಡ್ಡಿದ್ದೇ ಅವನ ಕ್ರಮವನ್ನು ನಂಬಿ: ದಾನಿಯೇಲನು ಈ ಹೊತ್ತಿಗೆ ಇಲ್ಲಿಯೇ ಇರುವನೆಂಬ ಭರವಸೆ ಅವರಿಗಿತ್ತು. ನಮ್ಮ ನೆರೆಯವರು ನಮ್ಮ ವಿಷಯದಲ್ಲಿ ಅಂಥ ಬಲೆಯನ್ನು ಒಡ್ಡಲು ಸಾಧ್ಯವಾದೀತೇ?

ಇದು ನಮ್ಮ ಊರುಗಳಲ್ಲಿ ಬಹಳ ಹತ್ತಿರದ ಮಾತಾಗಿದೆ. ಬೆಳೆ ಬಂದು ಕೈಯಲ್ಲಿ ಹಣವಿರುವ ತಿಂಗಳುಗಳಲ್ಲಿ ದೇವರ ವಾಕ್ಯವನ್ನು ತೆರೆಯಲು ಬಿಡುವಿಲ್ಲ ಅನ್ನುತ್ತೇವೆ. ಕಷ್ಟ ಬಂದರೆ ಪ್ರಾರ್ಥಿಸೋಣ ಅನ್ನುತ್ತೇವೆ. ಕಷ್ಟವು ಹೇಳಿ ಬರುವದಿಲ್ಲ. ನಡುರಾತ್ರಿಯಲ್ಲಿ ಮಗುವಿಗೆ ಜ್ವರವೇರಿ ಅದು ಬಡಬಡಿಸುವಾಗ, ಪ್ರಾರ್ಥಿಸಿ ರೂಢಿಯಿಲ್ಲದ ಬಾಯಿಗೆ ಮಾತೇ ಹೊರಡುವದಿಲ್ಲ. ಆಗ ವೈದ್ಯನ ಬಳಿಗೆ ಓಡುವದು ಸರಿಯೇ. ಆದರೆ ಯಾರೋ ಹೇಳಿದರೆಂದು ತಾಯಿತಕ್ಕೂ ಕೈಯೊಡ್ಡುತ್ತೇವೆ. ಹಾಗೆ ಮಾಡಿದ ತಾಯಿತಂದೆಗಳನ್ನು ನಿಂದಿಸುವ ಮನಸ್ಸು ನಮಗಿಲ್ಲ. ಅವರು ಆ ರಾತ್ರಿ ಬಿದ್ದವರಲ್ಲ. ದೀಪ ಹಚ್ಚಿಯೂ ಕೂಡಿ ಕೂರದೆ ಹೋದ ಎಷ್ಟೋ ಸಂಜೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸರಿದವರು. ಸಾಲದ ಸಂಗತಿಯೂ ಹೀಗೆಯೇ. ಮದುವೆಗೆಂದು ಒಂದೇ ದಿನ ಮಾಡಿದ ಸಾಲವು ನಮಗೆ ಕಾಣುತ್ತದೆ. ವಾರವಾರ ಹೆಂಡದಂಗಡಿಗೂ ಹೋಟೇಲಿಗೂ ಹೋದ ಚಿಲ್ಲರೆಯು ಕಾಣುವದಿಲ್ಲ.

ಒಳ್ಳೆಯದು ಸಹ ಚಿಲ್ಲರೆಯಾಗಿಯೇ ಕೂಡುತ್ತದೆಂಬುದಕ್ಕೆ ಮಿಜೋರಾಮಿನ ಸಭೆಗಳ ಸ್ತ್ರೀಯರು ಸಾಕ್ಷಿಗಳು. 1910ರ ಸುಮಾರಿಗೆ ಅವರು ಒಂದು ಪದ್ಧತಿಯನ್ನು ಹಿಡಿದರು. ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ಬೇರೆ ಪಾತ್ರೆಗೆ ಹಾಕುವದು. ಕೂಡಿದ ಅಕ್ಕಿಯನ್ನು ಸಭೆಯವರು ಮಾರಿ ಹಣ ಮಾಡುವದು. ಆ ಬೆಟ್ಟದ ನಾಡಿನಲ್ಲಿ ಅಂದು ಹಣವು ವಿರಳ. ಹಸಿವಿದ್ದ ಮನೆಯಲ್ಲಿಯೂ ಹಿಡಿಯಕ್ಕಿ ನಿಲ್ಲಲಿಲ್ಲ. ನೂರು ವರುಷ ದಾಟಿದರೂ ಆ ಪದ್ಧತಿಯು ನಡೆದುಬಂದು, ಸುವಾರ್ತೆಯ ಕೆಲಸಕ್ಕೆ ದೊಡ್ಡ ಆಧಾರವಾಗಿದೆ. ಒಂದು ಹಿಡಿ ಅಕ್ಕಿಯನ್ನು ತೆಗೆದಿಟ್ಟದ್ದರಿಂದ ಮನೆಯವರ ಊಟ ಕೆಟ್ಟಿತೆಂದು ಯಾವ ಗೃಹಿಣಿ ಹೇಳಿಯಾಳು?

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಾರಕ್ಕೆ ಎರಡಾವರ್ತಿ ಉಪವಾಸ ಮಾಡಿ ದಶಮಾಂಶ ಕೊಟ್ಟ ಫರಿಸಾಯನೂ ಶಿಸ್ತುಳ್ಳವನೇ. ಅವನು ಆ ಲೆಕ್ಕವನ್ನು ದೇವರ ಮುಂದೆ ಓದಿ ನೆರೆಯವನನ್ನು ಹೀನೈಸಿದನು. ನಮ್ಮ ಕ್ರಮವು ರಕ್ಷಣೆಗೆ ಕೊಡುವ ಬೆಲೆಯಲ್ಲ. ಅದು ಕೃಪೆಯಿಂದ ಉಚಿತವಾಗಿ ಬಂದದ್ದು. ಮಳೆಯನ್ನು ರೈತನು ತರಿಸಲಾರನು. ಆದರೂ ಮಳೆ ಬರುವದಕ್ಕೆ ಮುಂಚೆ ಬದುವನ್ನು ಸರಿಮಾಡದವನ ಹೊಲದಲ್ಲಿ ನೀರು ನಿಲ್ಲುವದಿಲ್ಲ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನಮ್ಮ ಆಲೋಚನೆ ಇಷ್ಟೇ. ದೊಡ್ಡ ಸಂಕಲ್ಪವನ್ನು ಮಾಡಬೇಡಿರಿ. ನಾವು ಕೂಡ ಹೊಸ ವರುಷದ ದಿನ ಮೂರು ಮೂರು ಅಧ್ಯಾಯ ಓದುವೆವೆಂದು ನಿಶ್ಚಯಿಸಿ, ಸಂಕ್ರಾಂತಿಯ ಸುಗ್ಗಿ ಬರುವಷ್ಟರಲ್ಲಿ ಬಿಟ್ಟವರೇ. ಮನೆಯಲ್ಲಿ ದೀಪ ಹಚ್ಚಿದೊಡನೆ, ಊಟಕ್ಕೆ ಮುಂಚೆ, ಹತ್ತು ನಿಮಿಷ ಎಲ್ಲರೂ ಒಂದೆಡೆ ಕೂರಿರಿ. ಹಿರಿಯರಿಗೆ ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗುವೇ ಐದಾರು ವಚನಗಳನ್ನು ಓದಲಿ, ಅಜ್ಜಿಯು ಪ್ರಾರ್ಥಿಸಲಿ. ನೆಂಟರು ಬಂದಿದ್ದರೆ ಅವರಿಗೂ ಚಾಪೆ ಹಾಕಿರಿ. ಒಂದು ಸಂಜೆ ತಪ್ಪಿಹೋದರೆ, ಮರುದಿನ ಎರಡರಷ್ಟು ಓದಿ ಬಾಕಿ ತೀರಿಸಬೇಕಾಗಿಲ್ಲ. ಅದೇ ಹೊತ್ತಿಗೆ, ಅದೇ ಸ್ಥಳದಲ್ಲಿ ಮತ್ತೆ ಕೂತರೆ ಸಾಕು.