ರಂಧ್ರಮಯ ಕಾರ್ಬನ್ ಪ್ರಯೋಗ: ಮಾಡಬೇಕಾದ್ದು, ಮಾಡಬಾರದ್ದು

ತೆಂಗಿನ ಕರಟದ ಇದ್ದಿಲಿನಿಂದ ರಂಧ್ರಮಯ ಕಾರ್ಬನ್ ತಯಾರಿಸಿ, ಸತು-ಗಾಳಿ ಬ್ಯಾಟರಿಗೆ ಬೇಕಾದ ಆಕ್ಸಿಜನ್ ಅಪಕರ್ಷಣೆಯ ವೇಗವರ್ಧಕವಾಗಿ ಪರೀಕ್ಷಿಸುವ ಎಲ್ಲರಿಗೂ ಈ ಸೂಚನೆ ಅನ್ವಯ. ಮೊದಲು ಕಣ್ಣು, ಕೈ ಸುರಕ್ಷಿತವಾಗಿರಬೇಕು. ಆಮೇಲೆ, ಬಂದ ಅಂಕಿ ಕಾರ್ಬನ್ನಿನದ್ದೇ ಆಗಿರಬೇಕು, ಅದರಲ್ಲಿ ಬೆರೆತ ಕಲ್ಮಶದ್ದಲ್ಲ.

ಮಾಡಬೇಕಾದ್ದು

1. ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಕೆಒಎಚ್) ಮುಟ್ಟುವ ಮೊದಲು ಕನ್ನಡಕ, ಕೈಗವಸು ಹಾಕಿ. ಕಣ್ಣಿಗೆ ಸಿಡಿದರೆ ಕೂಡಲೇ ಕನಿಷ್ಠ 15 ನಿಮಿಷ ನೀರು ಹರಿಸಿ, ನೇರ ಆಸ್ಪತ್ರೆಗೆ ಹೋಗಿ.

2. ಕುಲುಮೆ 800 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ ಕಾರ್ಬನ್ ಮತ್ತು ಕೆಒಎಚ್ ಸೇರಿ ಪೊಟ್ಯಾಸಿಯಂ ಲೋಹ ಹುಟ್ಟುತ್ತದೆ. ಅದು ಆವಿಯಾಗಿ ಕೊಳವೆಯ ತಣ್ಣನೆಯ ತುದಿಯಲ್ಲಿ ಕೂರುತ್ತದೆ. ಆದ್ದರಿಂದ ಆರ್ಗಾನ್ ಹರಿವು ನಿಲ್ಲಿಸದೆ ಪೂರ್ತಿ ತಣಿಸಿ. ಆಮೇಲೆ ಫ್ಯೂಮ್ ಹುಡ್‌ನಲ್ಲಿ ಮೊದಲು ಐಸೊಪ್ರೊಪನಾಲ್ ಹನಿಹನಿಯಾಗಿ ಹಾಕಿ, ನಂತರವೇ ನೀರು.

3. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಮತ್ತೆ ನೀರಿನಲ್ಲಿ ತೊಳೆಯಿರಿ. ಸೋಸಿದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಕಲಕು ಕಾಣದಿದ್ದರೆ ಮಾತ್ರ ತೊಳೆದದ್ದು ಸಾಕು.

4. 0.1 ಮೋಲಾರ್ ಕೆಒಎಚ್ ದ್ರಾವಣಕ್ಕೆ ಅರ್ಧ ಗಂಟೆ ಆಕ್ಸಿಜನ್ ಹಾಯಿಸಿ, ಪ್ರವಾಹ ಅಳೆಯಿರಿ. ನೈಟ್ರೋಜನ್‌ನಲ್ಲಿಯೂ ಅದೇ ಅಳತೆ ಮಾಡಿ, ಆ ಹಿನ್ನೆಲೆ ಪ್ರವಾಹವನ್ನು ಕಳೆಯಿರಿ. ರಂಧ್ರ ಹೆಚ್ಚಿದಷ್ಟೂ ಹಿನ್ನೆಲೆ ದೊಡ್ಡದು.

5. ಆ ದಿನದ ಉಷ್ಣತೆ, ವಾಯುಒತ್ತಡ ಬರೆದಿಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಇಲ್ಲಿ ದ್ರಾವಣದಲ್ಲಿ ಕರಗುವ ಆಕ್ಸಿಜನ್ ಸುಮಾರು ಶೇ 10ರಷ್ಟು ಕಡಿಮೆ. ಬೇರೆ ಊರಿನ ಅಂಕಿಯೊಡನೆ ಹೋಲಿಸುವಾಗ ಇದು ನೆನಪಿರಲಿ.

6. ಬ್ಯಾಟರಿ ಪರೀಕ್ಷೆಯಲ್ಲಿ, ಖರ್ಚಾದ ಸತುವಿನ ತೂಕಕ್ಕೆ ಸಾಮರ್ಥ್ಯದ ಲೆಕ್ಕ ಹಾಕಿ. ಸತುವಿನ ತಗಡನ್ನು ತೊಳೆದು, ಒಣಗಿಸಿ ತೂಗಿ. ಗ್ರಾಮಿಗೆ 820 ಮಿಲಿಆಂಪಿಯರ್-ಗಂಟೆ ಮೀರಿತೆಂದರೆ ತೂಕವೋ ಲೆಕ್ಕವೋ ತಪ್ಪಿದೆ.

ಮಾಡಬಾರದ್ದು

1. ಕುಲುಮೆಯಿಂದ ತೆಗೆದ ಮಾದರಿಗೆ ನೇರವಾಗಿ ನೀರು ಸುರಿಯಬೇಡಿ. ಬೆಂಕಿ ಹೊತ್ತಿಕೊಳ್ಳುತ್ತದೆ.

2. ಕುಲುಮೆಯಲ್ಲಿ ಮಾದರಿ ಇಡಲು ಪಿಂಗಾಣಿ ದೋಣಿ ಬಳಸಬೇಡಿ, ಕೆಒಎಚ್ ಅದನ್ನು ತಿನ್ನುತ್ತದೆ. ನಿಕ್ಕಲ್ ದೋಣಿಯೇ ಇರಲಿ.

3. ಪ್ರತಿ-ಎಲೆಕ್ಟ್ರೋಡಾಗಿ ಪ್ಲಾಟಿನಂ ತಂತಿ ಹಾಕಬೇಡಿ. ತಂತಿಯಿಂದ ಕರಗಿದ ಪ್ಲಾಟಿನಂ ನಿಮ್ಮ ಕಾರ್ಬನ್ ಮೇಲೆ ಕೂತು, ಕಾರ್ಬನ್ ಮಾಡದ ಕೆಲಸವನ್ನು ತಾನು ಮಾಡಿ ತೋರಿಸುತ್ತದೆ. ಗ್ರಾಫೈಟ್ ಕಡ್ಡಿ ಬಳಸಿ.

4. ಕ್ಷಾರದಲ್ಲಿ ಸಿಲ್ವರ್ ಕ್ಲೋರೈಡ್ ಉಲ್ಲೇಖ ಎಲೆಕ್ಟ್ರೋಡ್ ಬೇಡ; ಮರ್ಕ್ಯುರಿ ಆಕ್ಸೈಡಿನದ್ದು ಬಳಸಿ. ಅದು ಒಡೆದರೆ ಸಿಂಕಿಗೆ ಚೆಲ್ಲಬೇಡಿ.

5. ಕೆಒಎಚ್ ದ್ರಾವಣವನ್ನು ಗಾಜಿನ ಬಾಟಲಿಯಲ್ಲಿ ಇಟ್ಟುಕೊಳ್ಳಬೇಡಿ. ಗಾಜು ಕರಗಿ ಕಲ್ಮಶ ಸೇರುತ್ತದೆ. ಮುಚ್ಚಳ ತೆರೆದೂ ಬಿಡಬೇಡಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಅದು ಕಾರ್ಬೊನೇಟ್ ಆಗುತ್ತದೆ. ಬ್ಯಾಟರಿಯ ಗಾಳಿ ಎಲೆಕ್ಟ್ರೋಡಿನ ರಂಧ್ರಗಳನ್ನು ಮುಚ್ಚುವುದೂ ಅದೇ ಕಾರ್ಬೊನೇಟ್.

6. ತಿರುಗುವ ಎಲೆಕ್ಟ್ರೋಡ್ 1600 ಆರ್‌ಪಿಎಂನಲ್ಲಿರುವಾಗ ಗರಿಷ್ಠ ಪ್ರವಾಹ ಚದರ ಸೆಂಟಿಮೀಟರಿಗೆ 6 ಮಿಲಿಆಂಪಿಯರ್ ಮೀರಿದರೆ ಹಿಗ್ಗಬೇಡಿ. ನಾಲ್ಕು ಎಲೆಕ್ಟ್ರಾನಿನ ಹಾದಿಗೂ ಅಷ್ಟು ದಕ್ಕುವುದಿಲ್ಲ. ವಿಸ್ತೀರ್ಣ, ಹಿನ್ನೆಲೆ, ತಿರುಗುವ ವೇಗ ಮತ್ತೆ ನೋಡಿ.

7. ಲೋಹದ ಅಂಶ ಅಳೆಯುವ ಐಸಿಪಿ-ಎಂಎಸ್ ಪರೀಕ್ಷೆಯ ವರದಿ ಕೈಸೇರುವ ತನಕ "ಲೋಹರಹಿತ" ಎಂದು ಎಲ್ಲಿಯೂ ಬರೆಯಬೇಡಿ. ಕರಟದಲ್ಲೇ ಕಬ್ಬಿಣದ ಅಂಶವಿರುತ್ತದೆ. ದೋಣಿಯಿಂದ ನಿಕ್ಕಲ್ ಬಂದಿರಬಹುದು.

ಈ ನಿಯಮ ಬಿಟ್ಟು ಪಡೆದ ಗ್ರಾಫಿಗೆ ಗುಂಪಿನ ಸಭೆಯಲ್ಲಿ ಜಾಗವಿಲ್ಲ. ಪ್ರಯೋಗವನ್ನು ಮೊದಲಿನಿಂದ ಮತ್ತೆ ಮಾಡತಕ್ಕದ್ದು.